ಸನಾದಿಯೋ, ಬ್ಯಾಂಡೋ

ಮೊಮ್ಮಗಳ ಲಗ್ನದ ಅಕ್ಷತಿಗೆ ಜೋಳಕ್ಕ ಅರಿಶಿಣ ಹಚ್ಚಾಕತ್ತೀನಿ. ಈ ವಾಸನಿಗೆ ನಮ್ಮ ಅಕ್ಕನ ಲಗ್ನದ ಮಧ್ಯಾಹ್ನ ನೆನಪಾತು.

ತಾಳಿ ಕಟ್ಟುವಾಗ ನಮ್ಮೂರ ಸನಾದಿನ ಊದಬೇಕಂತ ಅಪ್ಪ ಹಟ ಹಿಡಿದಿದ್ದ. ಕೊಗನೊಳ್ಳಿಯಿಂದ ಬಂದಿದ್ದ ವರನ ಕಾಕಾ ಒಪ್ಪಲಿಲ್ಲ.

"ನಾವು ನಿಪ್ಪಾಣಿ ಬ್ಯಾಂಡ್ ತಂದೇವ್ರಿ. ಸನಾದಿ ಹೆಣದ ಮುಂದ ಊದಸ್ರಿ," ಅಂದ.

"ನಿಮ್ಮ ಬ್ಯಾಂಡ್ ಕೇಳಿದ್ರ ಎಮ್ಮಿ ಹಗ್ಗ ಹರಕೊಂತಾವ್ರಿ," ಅಂದ ಅಪ್ಪ.

ವರನ ಕಡೆಯವರು ಎದ್ದು ಚಪ್ಪಲಿ ಹುಡುಕಾಕತ್ರು. ಲಗ್ನ ಮುರೀತಂತ ಅವ್ವ ಅವರಿಗೆ ಅಡ್ಡ ನಿಂತ್ಲು. ಅಕ್ಕ ಮಾತ್ರ ತಲಿ ಎತ್ತಿ, ಅವರು ಹೋಗತಾರೇನಂತ ನೋಡಿದ್ಲು.

"ಯಾವ ವಾದ್ಯಾನೂ ಬ್ಯಾಡ್ರಿ, ಮುಹೂರ್ತ ಮೀರತೈತಿ," ಅಂತ ಲಗ್ನ ಮಾಡಸೋ ಅಯ್ಯನವರು ಎಲ್ಲಾರನ್ನೂ ಕೂಡಿಸಿದ್ರು.

ವರ ತಾಳಿ ಹಿಡದು ಬಗ್ಗಿದ. ಅಕ್ಕ ಸಣ್ಣಗ "ನಾ ಒಲ್ಲೆ" ಅಂದದ್ದು ಹಂದರದ ತುಂಬ ಕೇಳಿಸ್ತು.

ಅಪ್ಪ ಎದ್ದು ಒದರಿದ, "ಬಾರಿಸ್ರಲೇ, ಎರಡೂ ಬಾರಿಸ್ರಿ!"