ಮಾವನ ಬೆನ್ನಿನ ಹುಣ್ಣು

ಮಾವನ ಬೆನ್ನಿನ ಹುಣ್ಣಿನಿಂದ ಕೀವು ಒರೆಸುವಾಗ ಸಲೋಮಿ ಬಾಯಿಂದಲೇ ಉಸಿರಾಡುತ್ತಿದ್ದಳು. ಆದರೂ ನಾತ ನಾಲಿಗೆಗೆ ಅಂಟುತ್ತಿತ್ತು. ಗಂಡ ಸತ್ತ ವಾರದಲ್ಲೇ ಅವಳನ್ನು ಮನೆಯಿಂದ ಹೊರಗೆ ಹಾಕಿದವನು ಇವನೇ. ಹಾಸಿಗೆ ಹಿಡಿದಾಗ ಕರೆಸಿಕೊಂಡವನೂ ಇವನೇ. ಗಂಜಿ ಸ್ವಲ್ಪ ಬಿಸಿಯಿದ್ದರೂ ಅವಳ ಮುಖಕ್ಕೇ ಉಗಿಯುತ್ತಿದ್ದ.

"ಹೇಸಿಗೆ ಆಗುತ್ತೆ ಅಯ್ಯನೋರೇ, ನನ್ನ ಕೈಲಿ ಆಗಲ್ಲ," ಎಂದು ಒಮ್ಮೆ ಚರ್ಚಿನ ಸಭಾಪಾಲಕರ ಮುಂದೆ ಅತ್ತಿದ್ದಳು.

"ಕೊನೇವರೆಗೂ ತಾಳ್ಕೊಳ್ಳಮ್ಮ. ಈ ಕಷ್ಟ ಇಲ್ಲಿಗೇ ಮುಗಿಯುತ್ತೆ, ಪರಲೋಕ ಮುಗಿಯಲ್ಲ. ಹುಣ್ಣು ತೊಳೆದ ಮೇಲೆ ಅವರಿಗೆ ದಿನಾ ಬೈಬಲಿನ ಒಂದು ಅಧ್ಯಾಯ ಓದಿ ಕೇಳಿಸು."

ಅವಳು ತೊಳೆದಳು, ಓದಿದಳು. ಪರಲೋಕದಲ್ಲಿ ಈ ಮುಖ ನೋಡಬೇಕಿಲ್ಲ ಎಂಬುದೊಂದನ್ನೇ ನೆನೆದು, ಗಂಟಲಿಗೆ ಬಂದ ವಾಂತಿಯನ್ನು ನುಂಗಿಕೊಂಡಳು.

ಇವತ್ತು ಮಾವನ ಕೋಣೆಯಿಂದ ಹೊರಬಂದ ಸಭಾಪಾಲಕರ ಕಣ್ಣು ತುಂಬಿತ್ತು.

"ನೀನು ಓದಿದ್ದು ಫಲ ಕೊಡ್ತಮ್ಮ. ನಿಮ್ಮ ಮಾವ ಅತ್ತು ಪಶ್ಚಾತ್ತಾಪಪಟ್ಟರು. ಕರ್ತನು ಅವರನ್ನು ಕ್ಷಮಿಸಿದ, ಅವರಿಗೂ ಪರಲೋಕದಲ್ಲಿ ಜಾಗ ಸಿಕ್ತು."

ಸಲೋಮಿ ಕೀವಿನ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಅಲ್ಲೂ ಇವರ ಜೊತೇಲೇ ಇರಬೇಕಾ, ಅಯ್ಯನೋರೇ?"