ಹೊಳಪಿನ ಕವಚ

ನೇಕಾರಜ್ಜಿ ಬಟ್ಟೆಗೆ ಹೆಬ್ಬೆರಳು ಒತ್ತಿದಳು. ಎಳೆಗಳು ಆಚೀಚೆ ಸರಿದವು. ಉಗುರು ಹಿಂಬದಿಗೆ ಬಂತು.

“ಮುದುಕಿ ಬೆರಳಿಗೇ ದಾರಿ ಬಿಡೋ ಬಟ್ಟೆ, ಗುಂಡಿಗೆ ಅಡ್ಡ ನಿಲ್ಲುತ್ತಾ ಸಾರ್?”

ಮ್ಯಾನೇಜರ್ ಮೂಗಿನಲ್ಲೇ ನಕ್ಕ. “ಬೆರಳಲ್ಲಿ ವಿಜ್ಞಾನ ಮಾಡ್ತೀಯಾ? ಹೋಗು, ಟವೆಲ್ ನೇಯ್ಕೊಂಡಿರು.”

ಆ ಕಾರ್ಖಾನೆ ಗುಂಡು ನಿರೋಧಕ ಕವಚಗಳಿಗೆ ಮೊದಲಿನಿಂದ ಸಾದಾ ನೇಯ್ಗೆಯನ್ನೇ ಪದರ ಪದರವಾಗಿ ಬಳಸುತ್ತಿತ್ತು. ಎಳೆ ಒಂದರ ಮೇಲೆ, ಇನ್ನೊಂದರ ಕೆಳಗೆ. ಅಕ್ಕಪಕ್ಕದವು ಒಂದನ್ನೊಂದು ಹಿಡಿದು ಹೊಡೆತ ಹಂಚಿಕೊಳ್ಳುತ್ತಿದ್ದವು. ಅದರ ಬದಲು ಮ್ಯಾನೇಜರ್ ತಂದದ್ದು ಈ ಸ್ಯಾಟಿನ್. ಏಳು ಎಳೆ ಹಾರಿ ಒಂದರ ಕೆಳಗೆ ನುಸುಳುವ ನೇಯ್ಗೆ. ಬೇಗ ಮುಗಿಯುತ್ತದೆ, ಮೈಗೆ ಒಗ್ಗುತ್ತದೆ, ಅವನ ಬೂಟಿನಷ್ಟೇ ಹೊಳೆಯುತ್ತದೆ.

ಮೊದಲ ಕವಚಗಳು ಜೈಲಿನ ಕಾವಲು ಪಡೆಗೆ ಹೋಗಲಿದ್ದವು. ಅಜ್ಜಿಯ ಮಗಳು ಆ ಪಡೆಯಲ್ಲಿದ್ದಳು.

“ಅಷ್ಟು ನಂಬಿಕೆ ಇದ್ರೆ ನೀವೇ ಹಾಕ್ಕೊಂಡು ನಿಲ್ಲಿ.”

“ನಿಲ್ತೀನಿ. ಬಂದು ನೋಡು.”

ಶುಕ್ರವಾರ ನಿಂತೇಬಿಟ್ಟ. ಕವಚವನ್ನು ಹೊರಗೆಲ್ಲೋ ಹೊಲಿಸಿ ತಂದಿದ್ದ. ಕಾರ್ಖಾನೆಯ ದರ್ಜಿಗಳ ಕೈ ಒರಟಂತೆ. ಪಡೆಯ ಅಧಿಕಾರಿ ಬೆವರುತ್ತಿದ್ದರು. ಮ್ಯಾನೇಜರ್ ಮಾತ್ರ ಫೋಟೋಗೆ ನಿಂತವನಂತೆ ಕೂದಲು ಸರಿಮಾಡಿಕೊಂಡ.

‘ಹುಂಬ’ ಎಂದುಕೊಂಡಳು ಅಜ್ಜಿ. ಆದರೂ ಕಣ್ಣು ಮುಚ್ಚಿದಳು.

ಗುಂಡು ಹಾರಿತು. ಅವನು ಎರಡು ಹೆಜ್ಜೆ ಹಿಂದೆ ಹೋದ, ಎದೆ ಉಜ್ಜಿಕೊಂಡ, ನಕ್ಕ. ಚಪ್ಪಾಳೆ. ಸ್ಯಾಟಿನ್ ಕವಚಗಳ ಆದೇಶಕ್ಕೆ ಅಧಿಕಾರಿ ಅಲ್ಲೇ ರುಜು ಹಾಕಿದರು.

“ಏನಜ್ಜಿ, ಬಾಯಿ ಬಿದ್ದುಹೋಯ್ತಾ?”

ಅಜ್ಜಿ ತಲೆ ತಗ್ಗಿಸಿದಳು. ಒಂದು ಜನ್ಮದ ಕಸುಬು ಸುಳ್ಳಾಗಿತ್ತು. ಹೋಗಲಿ, ಮಗಳು ಉಳಿದಳಲ್ಲ. ನಾಚಿಕೆಯ ಅಡಿಯಲ್ಲಿ ಸಣ್ಣ ನೆಮ್ಮದಿ.

ಅಧಿಕಾರಿ ಆ ಕವಚವನ್ನು ತಂದು ಅವಳ ಕೈಗಿಟ್ಟರು. “ನೇಯ್ದವರು ನೀವಲ್ವಾ ಅಮ್ಮ? ನೆನಪಿಗೆ ಇಟ್ಕೊಳ್ಳಿ.”

“ಅವಳಿಗ್ಯಾಕೆ ಸಾರ್ ಅದು!” ಮ್ಯಾನೇಜರ್ ಓಡಿ ಬಂದ. ಗುಂಡಿನೆದುರು ನಡುಗದ ದನಿ ಈಗ ನಡುಗಿತು. “ಕೊಡಜ್ಜಿ ಇಲ್ಲಿ. ಕೊಡು ಅಂದ್ನಲ್ಲ.”

ಅಷ್ಟರಲ್ಲಿ ಅಜ್ಜಿ ತೂತಿಗೆ ಎರಡೂ ಹೆಬ್ಬೆರಳು ತೂರಿಸಿ, ಅಧಿಕಾರಿಯ ಎದುರೇ ಎಳೆಗಳನ್ನು ಆಚೀಚೆ ಸರಿಸಿದ್ದಳು.

ಹೊಳೆಯುವ ಪದರ ಇದ್ದದ್ದು ಒಂದೇ. ತನ್ನ ಎದೆಯ ಕಾವಲಿಗೆ ಅವನು ಒಳಗೆ ತುಂಬಿಸಿಕೊಂಡಿದ್ದುದೆಲ್ಲ ಸಾದಾ ನೇಯ್ಗೆ.