ಐವತ್ತೈದು ನಿಮಿಷದ ದಾರಿ

ಮೆಂದೋಸಾ ವಿಮಾನ ನಿಲ್ದಾಣದ ಕಾಫಿ ಅಂಗಡಿಯ ಗೋಡೆ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಎಡೆಲ್ಮಿರಾ ತನ್ನ ಕೈಗಡಿಯಾರ ನೋಡಿಕೊಂಡಳು. ಹತ್ತೂಕಾಲು.

“ನೀವು ಅರ್ಜೆಂಟೀನಾದವರು ಜಂಬದಲ್ಲಿ ಮುಂದೆ ಅಂತ ಗೊತ್ತಿತ್ತು. ಗಡಿಯಾರದಲ್ಲೂ ಮುಂದೇನಾ?” ಎಂದಳು.

“ಚಿಲಿಯಿಂದ ಬಂದ್ರಾ ಅಮ್ಮಾ? ನಾವು ಯಾವಾಗ್ಲೂ ಒಂದ್ ಹೆಜ್ಜೆ ಮುಂದೇನೇ!” ಮಾಣಿ ನಕ್ಕು ಕಾಫಿ, ಸಿಹಿ ಬನ್ನು ಇಟ್ಟುಹೋದ.

ಒಂಬತ್ತಕ್ಕೆ ಸಾಂತಿಯಾಗೊ ಬಿಟ್ಟ ವಿಮಾನ ಐವತ್ತೈದೇ ನಿಮಿಷದಲ್ಲಿ ಇಳಿಸಿತ್ತು. ತಂಗಿ ಒತಿಲಿಯಾಳ ಹೃದಯದ ಆಪರೇಷನ್ ಹನ್ನೆರಡಕ್ಕೆ. “ಅಕ್ಕಾ, ಒಳಗೆ ಹೋಗೋಕೆ ಮುಂಚೆ ನಿನ್ನ ಮುಖ ನೋಡ್ಬೇಕು ಕಣೇ” ಎಂದು ಫೋನಿನಲ್ಲಿ ಅತ್ತಿದ್ದಳು. ಹಿಮ ಬಿದ್ದು ಬೆಟ್ಟದ ದಾರಿ ಮುಚ್ಚಿತ್ತು. ಅದಕ್ಕೇ ಎಡೆಲ್ಮಿರಾ ಅರವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದ್ದು. ಬೇಕಾದಷ್ಟು ಹೊತ್ತಿದೆ ಎಂದುಕೊಂಡಳು. ಉಪವಾಸವಿರುವ ತಂಗಿಯ ಎದುರು ತನ್ನ ಹೊಟ್ಟೆ ಗುರುಗುಟ್ಟಬಾರದು ಎಂದು ಇನ್ನೊಂದು ಸಿಹಿ ಬನ್ನು ತರಿಸಿ, ಅರ್ಧ ಗಂಟೆ ಕೂತು ನಿಧಾನವಾಗಿ ತಿಂದಳು.

ಆಸ್ಪತ್ರೆಯ ಮೆಟ್ಟಿಲಲ್ಲೇ ಒತಿಲಿಯಾಳ ಮಗ ರಾಮಿರೊ ಸಿಕ್ಕಿದ. ಮುಖದಲ್ಲಿ ಕಳೆಯೇ ಇರಲಿಲ್ಲ.

“ಎಲ್ಲಿ ಹೋಗಿದ್ದೆ ದೊಡ್ಡಮ್ಮಾ? ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು.”

“ಇಷ್ಟು ಬೇಗ? ಇನ್ನೂ ಹನ್ನೊಂದೂ ಹತ್ತು ಕಣೋ!”

“ಹನ್ನೆರಡೂ ಹತ್ತು. ಚಳಿಗಾಲದಲ್ಲಿ ನೀವಲ್ವಾ ಗಡಿಯಾರ ಹಿಂದಕ್ಕೆ ತಿರುಗ್ಸೋದು? ನಾವು ತಿರುಗ್ಸಲ್ಲ. ಅಮ್ಮ ಬಾಗಿಲನ್ನೇ ನೋಡ್ತಿದ್ಲು. ‘ನಮ್ಮಕ್ಕ ಮಾತು ತಪ್ಪೋಳಲ್ಲ’ ಅಂತ ಡಾಕ್ಟರ ಕೈಕಾಲು ಹಿಡಿದು ಐದು ನಿಮಿಷ ಜಾಸ್ತಿ ಕೇಳಿ ತಗೊಂಡ್ಲು.”

ಎಡೆಲ್ಮಿರಾ ತನ್ನ ಕೈಗಡಿಯಾರವನ್ನು ಮತ್ತೆ ನೋಡಿದಳು. ಇಪ್ಪತ್ತು ವರ್ಷ ತಪ್ಪದೆ ಅಲ್ಲಿ ಬೇಸಿಗೆಯಾದ ಜನವರಿಯ ಬಿಸಿಲಿನಲ್ಲಿ ಬಸ್ಸು ಹತ್ತಿ ತಂಗಿಯ ಮನೆಗೆ ಬಂದವಳು ಅವಳು. ಬೇಸಿಗೆಯಲ್ಲಿ ಎರಡೂ ಊರಿನ ಗಡಿಯಾರ ಒಂದೇ ಹೊತ್ತು ತೋರಿಸುತ್ತವೆ. ಚಳಿ ಶುರುವಾದಾಗ ಸ್ಟೂಲು ಹತ್ತಿ ಅಡುಗೆಮನೆಯ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದೂ ಅವಳೇ. ಆದರೂ ಗೋಡೆಯ ಮೇಲಿನ ಸತ್ಯ ನೋಡಿ ಕೊಂಕಾಡಿದ್ದಳು. ಒತಿಲಿಯಾ ಆಪರೇಷನ್ ಕೋಣೆಯಿಂದ ಜೀವಂತ ಹೊರಬರಲಿಲ್ಲ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಸಾವಿನ ಮನೆಗೆ ಬಂದವರೆಲ್ಲ ಹೇಳಿದರು. ಫಲವಿಲ್ಲವೆಂದು ಗೊತ್ತಾದರೆ ಚಿಂತೆ ಬಿಟ್ಟುಹೋಗುತ್ತದೆಯೇ? ಮೂರು ದಿನವೂ ಆ ಎರಡನೇ ಬನ್ನು ಅವಳ ಗಂಟಲಲ್ಲೇ ಇತ್ತು.

ನಾಲ್ಕನೇ ದಿನ ಸಂಜೆ ಐದಕ್ಕೆ ಮೆಂದೋಸಾ ಬಿಟ್ಟ ವಿಮಾನ ಸಾಂತಿಯಾಗೊದಲ್ಲಿ ಇಳಿದಾಗ, ಪಕ್ಕದ ಸೀಟಿನವನು ತನ್ನ ಕೈಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ. ಎಡೆಲ್ಮಿರಾ ತನ್ನದನ್ನು ಮುಟ್ಟಲೇ ಇಲ್ಲ.

“ನೋಡಿದ್ರಾ ಅಜ್ಜಿ? ಐದಕ್ಕೆ ಹೊರಟ್ವಿ, ಇಲ್ಲಿ ಇನ್ನೂ ಐದಕ್ಕೆ ಐದು ನಿಮಿಷ ಇದೆ!” ಅವನು ಖುಷಿಯಾಗಿದ್ದ. “ಒಂದ್ ಗಂಟೆ ಪುಕ್ಕಟೆ ಸಿಕ್ತಲ್ಲ, ಏನ್ಮಾಡ್ತೀರಿ?”

“ನಂಗೆ ಐದು ನಿಮಿಷ ಸಾಕಿತ್ತಪ್ಪ” ಎಂದಳು ಎಡೆಲ್ಮಿರಾ.